ಕೊಕ್ಕೆಯಿಂದ ಹೊಳೆಯವರೆಗೆ: ಇಂಗ್ಲೆಂಡಿನ ಟ್ರೌಟ್ ಮತ್ತು ಅದರ ಹಿಂದಿನ ಊರುಗಳು

ಟ್ರೌಟ್ ಮೀನಿನ ಗಾಳ ಅಂದಕೂಡಲೇ ಕಣ್ಣಿಗೆ ಕಟ್ಟುವುದು ಒಬ್ಬ ದೊರೆ. ಉಣ್ಣೆ ಕೋಟು, ಟೊಪ್ಪಿ, ತೊಡೆ ಮುಟ್ಟುವ ಬೂಟು, ಕೈಯಲ್ಲಿ ಬಳುಕುವ ಕೋಲು. ಆ ದೊರೆಯನ್ನು ಇವತ್ತು ಸ್ವಲ್ಪ ಪಕ್ಕಕ್ಕೆ ನಿಲ್ಲಿಸೋಣ. ಅವನ ಕೈಯಲ್ಲಿರುವ ಸಾಮಾನನ್ನು ಒಂದೊಂದಾಗಿ ಬಿಚ್ಚಿ, ಇದನ್ನು ಯಾವ ಊರಲ್ಲಿ ಯಾರು ಮಾಡಿದರು ಅಂತ ಕೇಳೋಣ. ಕೊಕ್ಕೆಯಿಂದ ಶುರು ಮಾಡಿ, ದಾರ, ಕೋಲು ಅಂತ ಮೇಲೇರಿ, ಆಮೇಲೆ ಹೊಳೆಗೆ ಇಳಿಯೋಣ. ಆ ಹೊಳೆಯನ್ನೂ ಕೂಲಿಯವರು ಕೈಯಾರೆ ಮಾಡಿದ್ದು ಅನ್ನುವುದು ನನ್ನ ವಾದ. ಅದಕ್ಕೆ ಆಮೇಲೆ ಬರುತ್ತೇನೆ.

ಟ್ರೌಟಿಗೆ ಹಾಕುವ ಕೊಕ್ಕೆ ಎಷ್ಟು ದೊಡ್ಡದು ಅಂದುಕೊಂಡಿದ್ದೀರಿ? ಬಹಳ ಸಲ ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ. ಅದರ ಮೈಗೆ ರೇಷ್ಮೆ ಎಳೆಯಿಂದ ಹಕ್ಕಿಗರಿ, ಮೊಲದ ತುಪ್ಪಳ ಸುತ್ತಿ ಹುಳದ ರೂಪ ಕೊಡುತ್ತಾರೆ. ಅದಕ್ಕೆ ಫ್ಲೈ, ಅಂದರೆ ನೊಣ ಅಂತ ಹೆಸರು. ನಮ್ಮ ಮನೆಯ ನೊಣವನ್ನು ನೆನೆಯಬೇಡಿ. ಇದು ನೀರಿನ ತಳದಲ್ಲಿ ಬೆಳೆದು, ರೆಕ್ಕೆ ಬಂದ ಮೇಲೆ ಮೇಲೆದ್ದು ಬರುವ ಕೀಟ. ಟ್ರೌಟಿಗೆ ಅತಿ ಇಷ್ಟವಾದ ಮೇಫ್ಲೈ ಎರಡು ವರ್ಷ ಹೂಳಿನಲ್ಲಿ ಹುದುಗಿದ್ದು, ರೆಕ್ಕೆ ಮೂಡಿದ ಮೇಲೆ ಒಂದೆರಡು ದಿನ ಬದುಕಿ ಸಾಯುತ್ತದೆ. ಮೇ ಕೊನೆಯಿಂದ ಜೂನ್ ಮೊದಲವರೆಗೆ ಅವು ರಾಶಿ ರಾಶಿ ಏಳುವಾಗ ಟ್ರೌಟ್ ಎಚ್ಚರ ತಪ್ಪಿ ತಿನ್ನುತ್ತದೆ. ಆ ಹದಿನೈದು ದಿನಕ್ಕೆ ಅಲ್ಲಿಯವರು ಇಟ್ಟ ಹೆಸರೇ 'ದಡ್ಡರ ಹದಿನೈದು ದಿನ'. ಆಗ ಯಾರು ಗಾಳ ಹಾಕಿದರೂ ಮೀನು ಸಿಗುತ್ತದೆ ಅಂತ.

ಕೊಕ್ಕೆಯ ಊರು ರೆಡಿಚ್. ಬರ್ಮಿಂಗ್‌ಹ್ಯಾಮಿನ ದಕ್ಷಿಣಕ್ಕೆ, ವುಸ್ಟರ್‌ಶೈರಿನಲ್ಲಿದೆ. ಮೊದಲು ಅದು ಹೊಲಿಗೆ ಸೂಜಿಯ ಊರು. ಸೂಜಿಗೆ ಬೇಕಾದ ಉಕ್ಕಿನ ತಂತಿ, ಕುಲುಮೆ, ಹದ ಹಾಕುವ ಕೈ ಎಲ್ಲ ಅಲ್ಲಿತ್ತು. ಕೊಕ್ಕೆ ಅಂದರೆ ಬಾಗಿಸಿದ ಸೂಜಿ ತಾನೆ? ಒಂದೇ ಕಸುಬು ಎರಡು ದಾರಿ ಹಿಡಿಯಿತು. ಕೈಯಿಂದ ಮಾಡುವಾಗ ಕ್ರಮ ಹೀಗೆ: ಸುರುಳಿ ತಂತಿಯನ್ನು ಅಳತೆಗೆ ತುಂಡು ಮಾಡುವುದು, ಒಂದು ತುದಿಯ ಹತ್ತಿರ ಓರೆಯಾಗಿ ಚಾಕು ಒತ್ತಿ ಕೊಂಕುಮುಳ್ಳು ಎಬ್ಬಿಸುವುದು, ಅರದಿಂದ ಮೊನೆ ತೆಗೆಯುವುದು, ಅಚ್ಚಿಗೆ ಸುತ್ತಿ ಬಾಗಿಸುವುದು, ಇನ್ನೊಂದು ತುದಿಯನ್ನು ಬಡಿದು ಚಪ್ಪಟೆ ಮಾಡುವುದು. ಇಷ್ಟು ಹೊತ್ತೂ ತಂತಿ ಮೆತ್ತಗಿರುತ್ತದೆ. ಆಮೇಲೆ ಕೆಂಪಗೆ ಕಾಯಿಸಿ ಎಣ್ಣೆಗೆ ಸುರಿಯುತ್ತಾರೆ. ಅಲ್ಲಿಗೆ ಅದು ಗಾಜಿನ ಹಾಗೆ ಪೆಡಸು, ಬಗ್ಗಿಸಿದರೆ ಪಟ್ ಅಂತ ಮುರಿಯುತ್ತದೆ. ಮತ್ತೆ ಹದವಾದ ಬಿಸಿಯಲ್ಲಿ ಸ್ವಲ್ಪ ಹೊತ್ತಿಟ್ಟು ಆ ಪೆಡಸನ್ನು ಇಳಿಸಬೇಕು.

ಕೆಡುವುದು ಎರಡು ಕಡೆ. ಚಾಕು ಆಳಕ್ಕೆ ಹೋದರೆ ಮುಳ್ಳಿನ ಬುಡದಲ್ಲಿ ತಂತಿ ಸಣ್ಣಗಾಗಿ, ಮೀನು ಜಗ್ಗಿದಾಗ ಅಲ್ಲೇ ತುಂಡಾಗುತ್ತದೆ. ಹದ ತಪ್ಪಿದರೆ ಎರಡು ಥರ: ಪೆಡಸು ಉಳಿದಿದ್ದರೆ ಮುರಿಯುತ್ತದೆ, ಜಾಸ್ತಿ ಇಳಿದಿದ್ದರೆ ನೆಟ್ಟಗಾಗುತ್ತದೆ. ಕೊಂಡವರು ಮೊನೆಯನ್ನು ಮರದ ತುಂಡಿಗೆ ಚುಚ್ಚಿ ಎಳೆದು ನೋಡುತ್ತಿದ್ದರು. ಬಾಗಿ, ಬಿಟ್ಟ ಕೂಡಲೇ ಮೊದಲಿನ ಆಕಾರಕ್ಕೆ ಬಂದರೆ ಒಳ್ಳೆಯದು.

ರೆಡಿಚ್ ಬಗ್ಗೆ ಇನ್ನೊಂದು ಮಾತು, ಅದನ್ನು ಬಿಟ್ಟು ಮುಂದೆ ಹೋಗಲಾರೆ. ಸೂಜಿಗೆ ಮೊನೆ ಹಿಡಿಯುವವರು ಒಣ ಸಾಣೆಕಲ್ಲಿನ ಮುಂದೆ ಬಗ್ಗಿ ಕೂತು ಕೆಲಸ ಮಾಡುತ್ತಿದ್ದರು. ಕಲ್ಲಿನ ಪುಡಿ, ಉಕ್ಕಿನ ಪುಡಿ ಎರಡೂ ಎದೆಗೆ ಇಳಿದು, ಚಿಕ್ಕ ವಯಸ್ಸಿಗೇ ಹೋಗುತ್ತಿದ್ದರು. ಕೂಲಿ ಮಾತ್ರ ಬೇರೆಯವರಿಗಿಂತ ಬಹಳ ಹೆಚ್ಚು. ಧೂಳು ಹೀರುವ ಫ್ಯಾನ್ ಬಂದಾಗ ಬೇಡ ಅಂದವರಲ್ಲಿ ಅವರೇ ಇದ್ದರು. ಅಪಾಯ ಹೋದರೆ ಕೂಲಿಯೂ ಇಳಿಯುತ್ತದೆ ಅನ್ನುವ ಭಯ. ಆ ಊರಿನ ಫೋರ್ಜ್ ಮಿಲ್‌ನಲ್ಲಿ ನೀರಿನ ಚಕ್ರದ ಬಲದಿಂದ ಸೂಜಿ ಉಜ್ಜುವ ಯಂತ್ರ ಈಗಲೂ ಇದೆ, ಮ್ಯೂಸಿಯಂ ಮಾಡಿದ್ದಾರೆ. ಸಾವಿರಾರು ಸೂಜಿಯನ್ನು ಸೋಪು, ಉಜ್ಜುವ ಪುಡಿಯ ಜೊತೆ ಗೋಣಿಬಟ್ಟೆಯಲ್ಲಿ ಸುತ್ತಿ ಗಂಟೆಗಟ್ಟಲೆ ಹೊರಳಿಸುವ ಏರ್ಪಾಟು ಅದು.

ಇನ್ನು ದಾರ. ಹಳೆಯ ಕಾಲಕ್ಕೆ ಕುದುರೆ ಬಾಲದ ಕೂದಲು. 1496ರಲ್ಲಿ ಅಚ್ಚಾದ ಇಂಗ್ಲಿಷ್ ಗಾಳದ ಕೈಪಿಡಿಯೊಂದು ಲೆಕ್ಕವನ್ನೇ ಕೊಟ್ಟಿದೆ: ಪುಟ್ಟ ಮಿನ್ನೋ ಮೀನಿಗೆ ಒಂದೇ ಕೂದಲು, ಟ್ರೌಟಿಗೆ ಒಂಬತ್ತು, ದೊಡ್ಡ ಟ್ರೌಟಿಗೆ ಹನ್ನೆರಡು, ಸಾಲ್ಮನ್‌ಗೆ ಹದಿನೈದು ಎಳೆ ಹುರಿ. ಗಂಡು ಕುದುರೆಯ ಬಾಲವೇ ಆಗಬೇಕು ಅಂತ ಪಟ್ಟು. ಹೆಣ್ಣು ಕುದುರೆಯ ಬಾಲಕ್ಕೆ ಅದರ ಮೂತ್ರ ತಾಗಿ ಕೂದಲು ಕೆಡುತ್ತದೆ ಅಂತ ಕಾರಣ ಹೇಳುತ್ತಿದ್ದರು.

ಆಮೇಲೆ ಬಂದದ್ದು ಗಟ್. ಇಲ್ಲಿ ರಾಮನಗರ, ಚನ್ನಪಟ್ಟಣದ ಕಡೆಯವರು ಇದ್ದರೆ ಸ್ವಲ್ಪ ಕಿವಿಗೊಡಿ, ಇದು ನಿಮ್ಮ ರೇಷ್ಮೆಹುಳುವಿನ ಕತೆ. ಹುಳು ಹಣ್ಣಾಗಿ, ಇನ್ನೇನು ಗೂಡು ಕಟ್ಟುವ ಚಂದ್ರಿಕೆಗೆ ಬಿಡಬೇಕು ಅನ್ನುವ ಹೊತ್ತಿಗೆ ಅದರ ಹೊಟ್ಟೆಯೊಳಗೆ ಎರಡು ಉದ್ದನೆಯ ರೇಷ್ಮೆ ಗ್ರಂಥಿಗಳು ತುಂಬಿಕೊಂಡಿರುತ್ತವೆ. ನಾವು ಅದನ್ನು ಗೂಡು ಕಟ್ಟಲು ಬಿಡುತ್ತೇವೆ. ಸ್ಪೇನಿನ ಮುರ್ಸಿಯಾ ಸೀಮೆಯಲ್ಲಿ ಬಿಡುತ್ತಿರಲಿಲ್ಲ. ಹುಳುವನ್ನು ವಿನಿಗರ್ ಬೆರೆಸಿದ ನೀರಿನಲ್ಲಿ ನೆನೆಹಾಕಿ, ಮೈ ಸೀಳಿ, ಗ್ರಂಥಿಯನ್ನು ಎರಡೂ ತುದಿ ಹಿಡಿದು ಒಂದೇ ಎಳೆತಕ್ಕೆ ಎಳೆಯುತ್ತಿದ್ದರು. ಗಾಳಿ ತಾಗಿದ ಕೂಡಲೇ ಬಿರುಸಾಗುತ್ತದೆ, ಎರಡನೇ ಸಲ ಎಳೆಯಲು ಬರುವುದಿಲ್ಲ. ಒಂದು ಹುಳುವಿಗೆ ಎರಡೇ ಎಳೆ, ಒಂದೊಂದೂ ಹೆಚ್ಚುಕಡಿಮೆ ಒಂದು ಮೊಳ. ಆಮೇಲೆ ಹಳದಿ ಪೊರೆ ಕಳೆದು, ಒಣಗಿಸಿ, ದಪ್ಪ ನೋಡಿ ವಿಂಗಡಿಸಿ ಇಂಗ್ಲೆಂಡಿಗೆ ಕಳಿಸುತ್ತಿದ್ದರು.

ನೀರಿನೊಳಗೆ ಗಟ್ ಕಾಣುವುದೇ ಇಲ್ಲ ಅನ್ನಬೇಕು, ಕುದುರೆ ಕೂದಲಿಗಿಂತ ಗಟ್ಟಿ. ಆದರೆ ಅದರ ಸೊಕ್ಕು ಬೇರೆ. ಮೂರು ಗಜದ ದಾರ ಬೇಕಾದರೆ ಎಂಟು ಹತ್ತು ತುಂಡು ಗಂಟು ಹಾಕಬೇಕು, ಅಂದರೆ ಅಷ್ಟೂ ಗಂಟು ಮುರಿಯುವ ಜಾಗ. ಒಣಗಿದ ಗಟ್‌ಗೆ ಗಂಟು ಹಾಕಿದರೆ ಬಿಗಿಯುವಾಗಲೇ ಸೀಳಿ ಹೋಗುತ್ತದೆ. ಅದಕ್ಕೇ ನೀರಿನಲ್ಲಿ ಚೆನ್ನಾಗಿ ನೆನೆಸಿ ಮೆತ್ತಗಾದ ಮೇಲೆ ಕಟ್ಟಬೇಕು, ಹೊಳೆಗೆ ಹೋಗುವಾಗ ಒದ್ದೆ ಉಣ್ಣೆಬಟ್ಟೆ ಹಾಸಿದ ಚಪ್ಪಟೆ ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕು. ಇನ್ನೂ ಸಣ್ಣ ಎಳೆ ಬೇಕೆಂದವರಿಗೆ ಲೋಹದ ಫಲಕದ ತೂತಿನಿಂದ ಎಳೆದು ಮೈ ಹೆರೆದು ಕೊಡುತ್ತಿದ್ದರು. ಒಂದು ಸಲ ಎಳೆದದ್ದು ಒಂದು ಎಕ್ಸ್, ನಾಲ್ಕು ಸಲ ಎಳೆದದ್ದು ನಾಲ್ಕು ಎಕ್ಸ್. ಇವತ್ತು ನೈಲಾನ್ ದಾರವನ್ನು ಯಾರೂ ಹಾಗೆ ಎಳೆಯುವುದಿಲ್ಲ, ಆದರೂ ಅಂಗಡಿಯಲ್ಲಿ ಪಟ್ಟಿಯ ಮೇಲೆ 4ಎಕ್ಸ್, 5ಎಕ್ಸ್ ಅಂತಲೇ ಇರುತ್ತದೆ.

ಕೊಕ್ಕೆ ಮತ್ತು ಗಟ್ ಸೇರುವ ಜಾಗದಲ್ಲಿ ಒಂದು ದೊಡ್ಡ ತಾಪತ್ರಯವಿತ್ತು. ಕೊಕ್ಕೆಗೆ ತೂತು ಇರಲಿಲ್ಲ. ಗಟ್ಟಿನ ತುದಿಯನ್ನು ಕೊಕ್ಕೆಯ ಮೈಗೆ ಒತ್ತಿಹಿಡಿದು, ಮೇಣ ಸವರಿದ ರೇಷ್ಮೆಯಿಂದ ಸುತ್ತಿ, ಆ ಸುತ್ತಿನ ಮೇಲೆಯೇ ನೊಣ ಕಟ್ಟುತ್ತಿದ್ದರು. ಗಾಳ ಬೀಸಿ ಬೀಸಿ ಗಟ್ ಸವೆಯುವುದು ಸರಿಯಾಗಿ ಆ ಕುತ್ತಿಗೆಯಲ್ಲಿ. ಸವೆದರೆ ನೊಣವೂ ಹೋಯಿತು, ಹೊಸದು ಕಟ್ಟಬೇಕು. 1870ರ ದಶಕದ ಕೊನೆಗೆ ಸೂಜಿಗಣ್ಣಿನಂಥ ತೂತಿರುವ ಸಣ್ಣ ಕೊಕ್ಕೆಗಳು ಚೆನ್ನಾಗಿ ಬರತೊಡಗಿದವು. ಸವೆದ ತುಂಡನ್ನು ಕತ್ತರಿಸಿ ಮತ್ತೆ ಗಂಟು ಹಾಕಿದರೆ ಮುಗಿಯಿತು. ಒಣಗಿದ ನೊಣವನ್ನು ನೀರಿನ ಮೇಲೆ ತೇಲಿಸುವ ಡ್ರೈ ಫ್ಲೈ ಪದ್ಧತಿಯನ್ನು ಶಾಸ್ತ್ರದ ಹಾಗೆ ನಿಲ್ಲಿಸಿದವನು ಫ್ರೆಡರಿಕ್ ಹಾಲ್‌ಫರ್ಡ್, 1886ರ ಹೊತ್ತಿಗೆ. ಆ ಶಾಸ್ತ್ರ ಅಷ್ಟು ಬೇಗ ಬೇರೂರಿದ್ದಕ್ಕೆ ಅವನ ವಾದಕ್ಕಿಂತ ಈ ಪುಟ್ಟ ತೂತೇ ದೊಡ್ಡ ಕಾರಣ ಅಂತ ನನಗನ್ನಿಸುತ್ತದೆ. ನೊಣ ತೇಲಬೇಕಾದರೆ ಬೀಸುವಾಗ ಗಾಳಿಯಲ್ಲಿ ಒದರಿ ಒದರಿ ಒಣಗಿಸಬೇಕು. ಹಳೆಯ ಕಟ್ಟಿನ ಕುತ್ತಿಗೆ ಆ ಪೆಟ್ಟನ್ನು ಎಷ್ಟು ಹೊತ್ತು ತಡೆದೀತು?

ಗಟ್ಟಿನ ಹಿಂದೆ ಹೆಣೆದ ರೇಷ್ಮೆಯ ಉದ್ದ ದಾರ, ಅಗಸೆ ಎಣ್ಣೆ ಕುಡಿಸಿದ್ದು. ಸಂಜೆ ಮನೆಗೆ ಬಂದು ರೀಲಿನಿಂದ ಪೂರ್ತಿ ಬಿಚ್ಚಿ ಒಣಗಿಸದಿದ್ದರೆ ಅಂಟಂಟಾಗಿ ಕೊಳೆಯುತ್ತದೆ.

ಕೋಲಿಗೆ ಒಂದು ಕಾಲಕ್ಕೆ ದಕ್ಷಿಣ ಅಮೆರಿಕದ ಗಯಾನಾದಿಂದ ಬರುತ್ತಿದ್ದ ಗ್ರೀನ್‌ಹಾರ್ಟ್ ಮರ. ಭಾರ, ಮುರಿದರೆ ಮುನ್ಸೂಚನೆ ಕೊಡದೆ ಮುರಿಯುತ್ತದೆ. ಅದನ್ನು ಹಿಂದಕ್ಕೆ ಹಾಕಿದ್ದು ಸೀಳುಬಿದಿರು. ಬಿದಿರಿನ ಬಲ ಇರುವುದು ಹೊರಚರ್ಮದ ಕೆಳಗಿನ ತೆಳ್ಳನೆಯ ನಾರಿನಲ್ಲಿ, ಒಳತಿರುಳು ಬರೀ ಭಾರ. ಹಾಗಾಗಿ ಬಿದಿರನ್ನು ಸೀಳಿ, ಒಂದೊಂದು ಸೀಳನ್ನೂ 60 ಡಿಗ್ರಿ ಮೂಲೆಯ ತ್ರಿಕೋನವಾಗಿ ಹೆರೆದು, ಆರು ಸೀಳು ಸೇರಿಸಿ ಅಂಟಿಸುತ್ತಾರೆ. ತಿರುಳು ಹೋಗಿ ಹೊರನಾರು ಸುತ್ತಲೂ ಉಳಿದ ಆರುಮೂಲೆಯ ಕೋಲು ಸಿಗುತ್ತದೆ. ಹೆರೆಯುವಾಗ ಕಣ್ಣಿಡಬೇಕಾದದ್ದು ಗೆಣ್ಣಿನ ಮೇಲೆ. ಆರೂ ಸೀಳಿನ ಗೆಣ್ಣು ಒಂದೇ ಜಾಗಕ್ಕೆ ಬಂದರೆ ಕೋಲು ಅಲ್ಲೇ ಮುರಿಯುತ್ತದೆ, ಒಂದಕ್ಕೊಂದು ತಪ್ಪಿಸಿ ಜೋಡಿಸಬೇಕು. ಹಳೆಯ ಅಂಟು ಪ್ರಾಣಿಯ ಚರ್ಮ, ಮೂಳೆ ಕುದಿಸಿ ಮಾಡಿದ ಸರೇಸು, ನೀರು ಕಂಡರೆ ಬಿಡುತ್ತದೆ. ವಾರ್ನಿಷ್ ಎಲ್ಲಾದರೂ ಒಡೆದಿದ್ದರೆ ಮಳೆಗಾಲ ಕಳೆಯುವಷ್ಟರಲ್ಲಿ ಸೀಳುಗಳು ಬಾಯಿಬಿಟ್ಟಿರುತ್ತಿದ್ದವು. ಈ ಕೆಲಸಕ್ಕೆ ಮೊದಮೊದಲು ಬಳಸಿದ್ದು ನಮ್ಮ ದೇಶದ್ದೇ ಬಿದಿರು, ಹೆಸರೇ 'ಕಲ್ಕತ್ತಾ ಕೇನ್'. ಬೆಂಕಿಯ ಸುಟ್ಟ ಗುರುತು ಅದರ ಮೈಮೇಲೆ ಇರುತ್ತಿತ್ತು. 1900ರ ಆಚೀಚೆಗೆ ಚೀನಾದ ಟಾಂಕಿನ್ ಬಿದಿರು ಬಂದು ಅದನ್ನು ತಳ್ಳಿತು, ಗೆಣ್ಣುಗಳ ನಡುವೆ ಹೆಚ್ಚು ಅಂತರ, ಹೆಚ್ಚು ನೆಟ್ಟಗೆ. ಇಂಗ್ಲೆಂಡಿನ ಉತ್ತರದ ಆ್ಯನಿಕ್ ಅನ್ನುವ ಊರಿನಲ್ಲಿ 1872ರಲ್ಲಿ ಬಂದೂಕಿನ ಅಂಗಡಿಯಾಗಿ ಶುರುವಾದ ಹಾರ್ಡಿ ಸಹೋದರರ ಕಂಪನಿ ಹೆಸರು ಮಾಡಿದ್ದು ಇಂಥ ಕೋಲು, ರೀಲುಗಳಿಂದ.

ಈಗ ಹೊಳೆಗೆ ಇಳಿಯೋಣ. ಹ್ಯಾಂಪ್‌ಶೈರಿನ ಟೆಸ್ಟ್ ನದಿ. ಸ್ಟಾಕ್‌ಬ್ರಿಜ್ ಊರಿನ ಹೌಟನ್ ಕ್ಲಬ್ 1822ರಲ್ಲಿ ಹುಟ್ಟಿ ಇವತ್ತಿಗೂ ಇಲ್ಲಿ ಗಾಳ ಹಾಕುತ್ತಿದೆ. ಇದು ಸೀಮೆಸುಣ್ಣದ ಕಲ್ಲಿನ ಸೀಮೆ. ಚಳಿಗಾಲದ ಮಳೆ ಕಲ್ಲಿನೊಳಗೆ ಇಂಗಿ, ತಿಂಗಳುಗಟ್ಟಲೆ ಸೋಸಿ, ಬುಗ್ಗೆಯಾಗಿ ಹೊರಬರುತ್ತದೆ. ವರ್ಷವಿಡೀ 10–11 ಡಿಗ್ರಿ ಸೆಲ್ಸಿಯಸ್, ಹರಳಿನಂಥ ತಿಳಿ, ಪ್ರವಾಹವೂ ಕಡಿಮೆ ಬರವೂ ಕಡಿಮೆ. ಪ್ರಕೃತಿಯ ಕೊಡುಗೆ ಅಷ್ಟಕ್ಕೆ ಮುಗಿಯಿತು. ಹೊಳೆ ಹತ್ತಾರು ಕವಲಾಗಿ ಹರಿಯುತ್ತದಲ್ಲ, ಅದರಲ್ಲಿ ಬಹುಪಾಲು ಮನುಷ್ಯ ತೋಡಿದ್ದು.

ಮೊದಲು ಗಿರಣಿಗಳು. 1086ರ ಡೋಮ್ಸ್‌ಡೇ ಲೆಕ್ಕಪುಸ್ತಕದಲ್ಲೇ ಇಂಗ್ಲೆಂಡಿನ ಎಷ್ಟೋ ಗಿರಣಿಗಳು ಗೇಣಿಯನ್ನು ಹಾವುಮೀನಿನಲ್ಲಿ ಕೊಡುತ್ತಿದ್ದವು, 25 ಹಾವುಮೀನಿಗೆ ಒಂದು 'ಸ್ಟಿಕ್' ಅಂತ ಎಣಿಕೆ. ಒಡ್ಡು ಕಟ್ಟಿ ಮೀನು ಹಿಡಿಯುವುದು ಎಷ್ಟು ಹೆಚ್ಚಾಯಿತೆಂದರೆ, 1215ರ ಮ್ಯಾಗ್ನಾ ಕಾರ್ಟಾದ 33ನೇ ಕಲಮು ಥೇಮ್ಸ್, ಮೆಡ್ವೇ ಮತ್ತು ಇಂಗ್ಲೆಂಡಿನ ಉಳಿದ ಹೊಳೆಗಳಿಂದ ಮೀನಿನ ಒಡ್ಡುಗಳನ್ನು ಕೀಳಬೇಕು ಅನ್ನುತ್ತದೆ. ಟೆಸ್ಟ್ ದಂಡೆಯ ಲಾವರ್‌ಸ್ಟೋಕ್ ಗಿರಣಿ ಬ್ಯಾಂಕ್ ಆಫ್ ಇಂಗ್ಲೆಂಡಿನ ನೋಟಿಗೆ ಕಾಗದ ಮಾಡುತ್ತಿತ್ತು. ತಿಳಿನೀರು ಟ್ರೌಟಿಗೆ ಬೇಕಾದಷ್ಟೇ ಕಾಗದಕ್ಕೂ ಬೇಕು. ಈಗ ಆ ಕಟ್ಟಡದಲ್ಲಿ ತಯಾರಾಗುವುದು ಬಾಂಬೆ ಸಫೈರ್ ಜಿನ್, ಅದಕ್ಕೂ ನೀರು ಬೇಕಲ್ಲ!

ಗಿರಣಿಯ ಆಮೇಲೆ ನೀರು ಕುಡಿದ ಹುಲ್ಲುಗಾವಲು. 17ನೇ ಶತಮಾನದಿಂದ ಈ ಕಣಿವೆಗಳಲ್ಲಿ ಒಂದು ಪದ್ಧತಿ ಬಲವಾಗಿ ಬೆಳೆಯಿತು. ಚಳಿಗಾಲದಲ್ಲಿ ತೂಬು ಎತ್ತಿ, ಕಾಲುವೆಯಿಂದ ನೀರನ್ನು ದಿಬ್ಬಸಾಲಿನ ನೆತ್ತಿಗೆ ತಂದು, ಎರಡೂ ಇಳಿಜಾರಿನ ಹುಲ್ಲಿನ ಮೇಲೆ ಬೆರಳು ದಪ್ಪ ಹರಿಯಬಿಟ್ಟು, ಕೆಳಗಿನ ಕೊರಕಲಿನಲ್ಲಿ ಹೊಳೆಗೆ ವಾಪಸು ಸೇರಿಸುವುದು. ಬುಗ್ಗೆಯ ನೀರು 10 ಡಿಗ್ರಿ ಅಂದೆನಲ್ಲ, ಹೊರಗೆ ಹಿಮ ಬಿದ್ದರೂ ಹುಲ್ಲಿನ ಬೇರು ಬೆಚ್ಚಗಿರುತ್ತದೆ. ಮಾರ್ಚ್‌ನಲ್ಲಿ ಒಣಹುಲ್ಲು ಮುಗಿದು ಕುರಿಗಳು ಹಸಿಯುವ ಹೊತ್ತಿಗೆ ಇಲ್ಲಿ ಹಸಿರು ಮೇವು ಸಿದ್ಧ. ಹಗಲು ಮೇದ ಕುರಿಗಳನ್ನು ರಾತ್ರಿ ಮೇಲಿನ ಹೊಲದಲ್ಲಿ ತರುಬಿದರೆ ಬಾರ್ಲಿಗೆ ಗೊಬ್ಬರ. ನಮ್ಮ ಕೆರೆಗೆ ನೀರಗಂಟಿ ಇದ್ದ ಹಾಗೆ ಇದಕ್ಕೊಬ್ಬ 'ಡ್ರೌನರ್' ಇರುತ್ತಿದ್ದ. ನೀರು ನಿಂತರೆ ಹುಲ್ಲು ಕೊಳೆಯುತ್ತದೆ, ಅದು ಸದಾ ಹರಿಯುತ್ತಿರಬೇಕು. ಬರುವಾಗ ಕುದುರೆಯ ಜಗ್ಗುನಡೆ, ಹೋಗುವಾಗ ನಾಗಾಲೋಟ ಅಂತ ಅವರ ಲೆಕ್ಕ. ತೂಬು ಯಾವಾಗ ಎತ್ತಬೇಕು ಅಂತ ಗಿರಣಿಯವನಿಗೂ ಡ್ರೌನರ್‌ಗೂ ಮೀನಿನ ಹಕ್ಕುದಾರನಿಗೂ ಮೂರು ಕಡೆ ಎಳೆದಾಟ. ಅಂಥ ಊರುಗಳ ಹಳೆಯ ಕರಾರು, ವ್ಯಾಜ್ಯದ ಕಾಗದ ತೆರೆದರೆ ಟ್ರೌಟ್‌ಗಿಂತ ಹೆಚ್ಚು ಸಿಗುವುದು ತೂಬು.

ಮೂರನೆಯದು ಜೊಂಡು ಕತ್ತರಿಸುವ ಕೆಲಸ. ಟ್ರೌಟ್ ಹೊಳೆಯಲ್ಲಿ ಅತ್ಯಂತ ಮುಖ್ಯವಾದ ಕೆಲಸ ಇದೇ, ಗಾಳ ಹಾಕುವವರಿಗೆ ಗೊತ್ತಿಲ್ಲದ ಕೆಲಸವೂ ಇದೇ. ಟೆಸ್ಟ್‌ನ ತಳದಲ್ಲಿ ಬಿಳಿ ಹೂವಿನ ನೀರುಗಿಡ ಉದ್ದುದ್ದ ಜಡೆಯಾಗಿ ಬೆಳೆಯುತ್ತದೆ. ಮೀನಿಗೆ ಮರೆ, ಹುಳಕ್ಕೆ ಮನೆ. ಬೇಸಗೆಯಲ್ಲಿ ನೀರು ಇಳಿದಾಗ ಅಡ್ಡನಿಂತು ಮಟ್ಟ ಎತ್ತುವುದೂ ಅದೇ. ಬಿಟ್ಟರೆ ಹೊಳೆಯನ್ನೇ ಕಟ್ಟಿಬಿಡುತ್ತದೆ. ನೀರು ಹುಲ್ಲುಗಾವಲಿಗೆ ಉಕ್ಕುತ್ತದೆ, ಓಟ ಸತ್ತು ಹೂಳು ಕೂರುತ್ತದೆ, ಜಲ್ಲಿಯ ಸಂದು ಮುಚ್ಚುತ್ತದೆ. ಪೂರ್ತಿ ಬೋಳಿಸಿದರೂ ಕೆಟ್ಟಿತು: ಮಟ್ಟ ದಿಢೀರನೆ ಬೀಳುತ್ತದೆ, ಟ್ರೌಟ್ ಬಯಲಿಗೆ ಬರುತ್ತದೆ. ಹಾಗಾಗಿ ಪಟ್ಟೆ ಪಟ್ಟೆಯಾಗಿ ಕತ್ತರಿಸುತ್ತಾರೆ, ಒಂದು ಅಡ್ಡಪಟ್ಟಿ ಉಳಿಸಿ ಒಂದು ತೆಗೆದು. ನೀರು ತೆರೆದ ಸಂದಿನಲ್ಲಿ ನುಗ್ಗಿ ಜಲ್ಲಿಯನ್ನು ತಾನೇ ತೊಳೆಯುತ್ತದೆ. ಸೊಂಟದುದ್ದ ನೀರಿನಲ್ಲಿ ನಿಂತು ಉದ್ದ ಹಿಡಿಯ ಕುಡುಗೋಲನ್ನು ತಳಕ್ಕೆ ಒತ್ತಿ ಬೀಸಬೇಕು. ಆಳವಿದ್ದ ಕಡೆ ಹಲವು ಅಲಗುಗಳನ್ನು ಸರಪಳಿಯ ಹಾಗೆ ಜೋಡಿಸಿ, ಎರಡೂ ದಂಡೆಯಿಂದ ಇಬ್ಬರು ಹಗ್ಗ ಹಿಡಿದು ಗರಗಸದಂತೆ ಆಚೀಚೆ ಎಳೆಯುತ್ತಾರೆ. ಕತ್ತರಿಸಿದ್ದು ಕೆಳಗೆ ತೇಲಿ ಹೋಗಿ ಕೆಳಗಿನವನ ಗಾಳಕ್ಕೆಲ್ಲ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಇಡೀ ನದಿಗೆ ಒಂದೇ ದಿನಾಂಕ ಗೊತ್ತುಮಾಡುತ್ತಾರೆ. ಆ ದಿನಗಳಲ್ಲಿ ಮೇಲಿನಿಂದ ಕೆಳಗಿನವರೆಗೆ ಎಲ್ಲರೂ ಕುಡುಗೋಲು ಹಿಡಿಯುತ್ತಾರೆ, ಗಾಳಕ್ಕೆ ರಜೆ.

ಜಲ್ಲಿಯ ಸಂದು ಯಾಕೆ ಅಷ್ಟು ಮುಖ್ಯ? ಟ್ರೌಟ್ ಮೊಟ್ಟೆ ಇಡುವುದು ಚಳಿಗಾಲದಲ್ಲಿ, ಜಲ್ಲಿಯ ಒಳಗೆ. ಹೆಣ್ಣು ಬಾಲದಿಂದ ಬಡಿದು ಗುಂಡಿ ಮಾಡಿ, ಮೊಟ್ಟೆ ಇಟ್ಟು, ಮತ್ತೆ ಜಲ್ಲಿ ಮುಚ್ಚುತ್ತದೆ. ಒಂದು ಕಿಲೋ ತೂಕದ ಹೆಣ್ಣು ಸುಮಾರು 1500ರಿಂದ 2000 ಮೊಟ್ಟೆ ಇಡುತ್ತದೆ. ಸಂದಿನಲ್ಲಿ ನೀರು ಓಡಿದರೆ ಉಸಿರು, ಹೂಳು ತುಂಬಿದರೆ ಎಲ್ಲವೂ ಉಸಿರುಕಟ್ಟಿ ಸಾಯುತ್ತವೆ.

ಹೊಳೆ ದೊರೆಗಳದ್ದಾಯಿತು, ಉಳಿದವರು ಎಲ್ಲಿ ಗಾಳ ಹಾಕಿದರು? ಷೆಫೀಲ್ಡ್ ನೋಡಿ. ಚಾಕು, ಕತ್ತರಿ ಸಾಣೆ ಹಿಡಿಯುವ ಊರು. ಅಲ್ಲಿನ ಕೆಲಸಗಾರರು ಪಬ್‌ಗಳಲ್ಲಿ ಗಾಳದ ಕ್ಲಬ್ ಕಟ್ಟಿಕೊಂಡು, ರಜೆಯ ದಿನ ಸ್ಪೆಷಲ್ ರೈಲಿನಲ್ಲಿ ಲಿಂಕನ್‌ಶೈರಿನ ನಿಧಾನಗತಿಯ ಹೊಳೆಗಳಿಗೆ ಹೋಗುತ್ತಿದ್ದರು. ಹಿಡಿಯುತ್ತಿದ್ದುದು ಟ್ರೌಟ್ ಅಲ್ಲ, ರೋಚ್ ಮತ್ತು ಬ್ರೀಮ್, ದೊರೆಗಳು 'ಒರಟು ಮೀನು' ಅಂತ ಕರೆದದ್ದು. ಚೀಟಿ ಎತ್ತಿ ದಂಡೆಯ ಮೇಲೆ ಜಾಗ ಹಂಚಿ, ಕೊನೆಗೆ ಔನ್ಸಿನ ಲೆಕ್ಕದಲ್ಲಿ ತೂಗಿ ಬಹುಮಾನ. ಈ ಮೀನುಗಳು ಮೊಟ್ಟೆ ಇಡುವ ಕಾಲಕ್ಕೂ ಕಾನೂನಿನ ರಕ್ಷಣೆ ಸಿಕ್ಕಿದ್ದು 1878ರಲ್ಲಿ, ಷೆಫೀಲ್ಡಿನ ಸಂಸದ ಎ. ಜೆ. ಮುಂಡೆಲ್ಲಾ ತಂದ ಕಾಯಿದೆಯಿಂದ: ಮಾರ್ಚ್ 15ರಿಂದ ಜೂನ್ 15ರವರೆಗೆ ಗಾಳ ನಿಷಿದ್ಧ. ಇಂಗ್ಲೆಂಡಿನ ಹೊಳೆಗಳಲ್ಲಿ ಜೂನ್ 16 ಇವತ್ತಿಗೂ ಒಂದು ಹಬ್ಬದ ದಿನ.

ಕೊನೆಯದಾಗಿ ಮೀನು. ಕೊಕ್ಕೆ, ಕೋಲು ಹಡಗಿನಲ್ಲಿ ಹೋಗಬಹುದು, ಜೀವಂತ ಟ್ರೌಟ್ ಮೂರು ತಿಂಗಳು ಉಷ್ಣವಲಯ ದಾಟಿ ಆಸ್ಟ್ರೇಲಿಯಾಕ್ಕೆ ಹೋಗಲಾರದು. ಮೊಟ್ಟೆ ಹೋಗಬಹುದೇ? ಟ್ರೌಟ್ ಮೊಟ್ಟೆ 10 ಡಿಗ್ರಿಯಲ್ಲಿ ಸುಮಾರು ಆರು ವಾರಕ್ಕೆ ಒಡೆಯುತ್ತದೆ, 2 ಡಿಗ್ರಿಗೆ ಇಳಿಸಿದರೆ ಸುಮಾರು ಐದು ತಿಂಗಳು ತೆಗೆದುಕೊಳ್ಳುತ್ತದೆ. ಅಂದರೆ ತಣ್ಣಗಿಟ್ಟರೆ ಕಾಲವನ್ನೇ ಎಳೆಯಬಹುದು. ಟಾಸ್ಮೇನಿಯಾದ ಜಮೀನುದಾರ ಜೇಮ್ಸ್ ಯೂಲ್ ಹಿಂದೆ ಎರಡು ಯತ್ನ ಸೋತದ್ದು ಕಂಡಿದ್ದ. ಲಂಡನ್ನಿನ ಮಂಜುಗಡ್ಡೆ ಕಂಪನಿಯ ನೆಲಮಾಳಿಗೆಯಲ್ಲಿ ಮೊಟ್ಟೆಗಳನ್ನು ಒದ್ದೆ ಪಾಚಿಯಲ್ಲಿ ಸುತ್ತಿಟ್ಟು ನೋಡಿದರು. ಹರಿಯುವ ನೀರೇ ಬೇಡ, ತೇವ, ತಂಪು ಮತ್ತು ಗಾಳಿ ಸಾಕು ಅಂತ ಗೊತ್ತಾಯಿತು. 1864ರ ಜನವರಿಯಲ್ಲಿ 'ನಾರ್ಫೋಕ್' ಹಡಗು ಹೊರಟಿತು. ತೂತು ಕೊರೆದ ಚಿಕ್ಕ ಮರದ ಪೆಟ್ಟಿಗೆ, ತಳಕ್ಕೆ ಇದ್ದಿಲು, ಮೇಲೆ ಪಾಚಿ, ಅದರ ಮೇಲೆ ಮೊಟ್ಟೆ, ಮತ್ತೆ ಪಾಚಿ, ಪುಡಿಮಾಡಿದ ಮಂಜು. ಪೆಟ್ಟಿಗೆಗಳ ಸುತ್ತ ಮಂಜುಗಡ್ಡೆಯ ಕೋಣೆ. ಒಂದು ಲಕ್ಷ ಮೀರಿದ ಸಾಲ್ಮನ್ ಮೊಟ್ಟೆಗಳ ಜೊತೆ, ಹೆಚ್ಚುಕಡಿಮೆ ಕೊಸರಾಗಿ, ಇಂಗ್ಲೆಂಡಿನ ಮೀನುತಜ್ಞರಾದ ಫ್ರಾಂಕ್ ಬಕ್‌ಲ್ಯಾಂಡ್ ಮತ್ತು ಫ್ರಾನ್ಸಿಸ್ ಫ್ರಾನ್ಸಿಸ್ ಕೊಟ್ಟ ಸುಮಾರು 3000 ಟ್ರೌಟ್ ಮೊಟ್ಟೆ. ಮೇ ತಿಂಗಳಲ್ಲಿ ಟಾಸ್ಮೇನಿಯಾದ ಪ್ಲೆಂಟಿ ಹೊಳೆಯ ತೊಟ್ಟಿಗಳಲ್ಲಿ ಸುಮಾರು 300 ಟ್ರೌಟ್ ಮರಿ ಒಡೆದವು. ಸಾಲ್ಮನ್ ಸಮುದ್ರಕ್ಕಿಳಿದದ್ದು ತಿರುಗಿ ಬಂದು ನೆಲೆಯಾಗಲಿಲ್ಲ. ಕೊಸರು ನಿಂತಿತು. ಅಲ್ಲಿಂದ ನ್ಯೂಜಿಲೆಂಡಿಗೂ ಹೋಯಿತು.

ಸಭೆಯಿಂದ ಒಂದು ಪ್ರಶ್ನೆ ಬಂದಿದೆ: ನೀಲಗಿರಿಯಲ್ಲಿ ಟ್ರೌಟ್ ಇದೆ, ಹತ್ತಿರದ ನಮ್ಮ ಕಾವೇರಿ, ಕಬಿನಿಯಲ್ಲಿ ಯಾಕಿಲ್ಲ? ನೀಲಗಿರಿಯಲ್ಲಿ 1860ರ ದಶಕದಲ್ಲಿ ಮಾಡಿದ ಯತ್ನ ಸೋತಿತು. ನೆಲೆ ನಿಂತದ್ದು 20ನೇ ಶತಮಾನದ ಮೊದಲ ದಶಕದಲ್ಲಿ ಎಚ್. ಸಿ. ವಿಲ್ಸನ್ ಅವಲಾಂಚಿಯಲ್ಲಿ ಮರಿಮಾಡುವ ತೊಟ್ಟಿ ಕಟ್ಟಿಸಿದ ಮೇಲೆ, ಅದೂ ಅಮೆರಿಕ ಮೂಲದ ರೈನ್‌ಬೋ ಟ್ರೌಟ್, ಬ್ರಿಟನ್ನಿನ ಕಂದು ಟ್ರೌಟ್ ಅಲ್ಲ. ಆ ಹಳ್ಳಗಳು ಸಮುದ್ರಮಟ್ಟದಿಂದ 2000 ಮೀಟರ್ ಮೇಲೆ. ಕಂದು ಟ್ರೌಟಿಗೆ ನೀರು 20 ಡಿಗ್ರಿ ಹತ್ತಿರ ಬಂದರೆ ಊಟ ಸೇರುವುದಿಲ್ಲ, 25 ದಾಟಿ ಹಾಗೇ ನಿಂತರೆ ಬದುಕುವುದಿಲ್ಲ. ಬಯಲಿಗಿಳಿದ ಕಾವೇರಿ ಅದನ್ನು ಸುಲಭವಾಗಿ ದಾಟುತ್ತದೆ. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ 1873ರಲ್ಲಿ ಮಂಗಳೂರಿನಲ್ಲೇ ಗಾಳದ ಪುಸ್ತಕ ಅಚ್ಚು ಹಾಕಿಸಿದಾಗ ಟ್ರೌಟ್‌ಗಾಗಿ ಹಂಬಲಿಸುತ್ತ ಕೂರಲಿಲ್ಲ. ಇಲ್ಲಿನ ಬೆಚ್ಚಗಿನ ನೀರಿನ ಮಹಶೀರ್‌ಗೆ ಯಾವ ಕೊಕ್ಕೆ, ಯಾವ ದಾರ ಅಂತ ಬರೆದ.